ಭಾರ ಬೇಕಾಗಿದೆ

ಉಟ್ರೆಕ್ಟಿನ ಹಳೆಯ ಕಾಲುವೆಗೆ ಎರಡು ಬೀದಿ:
ಮೇಲಿನದು ಸೈಕಲ್ಲುಗಳದ್ದು,
ಹದಿನೇಳು ಮೆಟ್ಟಿಲಿಳಿದರೆ
ನೀರಿನ ಮಟ್ಟಕ್ಕೇ ಬಾಗಿಲು ತೆರೆಯುವ ನೆಲಮಾಳಿಗೆಗಳದ್ದು.
ರಾತ್ರಿ ಪಾಳಿ ಮುಗಿಸಿ ನಾನು
ಕೆಳಗಿನ ಬೀದಿಯಲ್ಲೇ ಮನೆಗೆ ನಡೆಯುವವಳು.
ಅಲ್ಲಿ ಗಾಳಿ ಕಡಿಮೆ. ಮಾತೂ.

ಬೌಕ್ಯೆಯ ದೋಣಿ ಬಂದದ್ದು ಕಿವಿಗೆ ತಿಳಿಯುವುದಿಲ್ಲ.
ಹೊಟ್ಟೆಯೊಳಗೆ ಬ್ಯಾಟರಿ, ಹೊಗೆಯಿಲ್ಲ, ಗುಡುಗಿಲ್ಲ;
ಬಾತುಗಳು ಬೇಸರದಿಂದ ಪಕ್ಕಕ್ಕೆ ಸರಿದರೆ
ಬಂತು ಎಂದು ಲೆಕ್ಕ.
ಹಿಟ್ಟಿನ ಮೂಟೆ, ಬಿಯರಿನ ಪೀಪಾಯಿ,
ಮಂಜುಗಡ್ಡೆಯಲ್ಲಿ ಹೂತ ಮೀನು,
ಒಮ್ಮೆ ದರ್ಜಿಯಂಗಡಿಗೆ ಆಳೆತ್ತರದ ಕನ್ನಡಿ.
ಅಂಗಾತ ಮಲಗಿದ ಅದರೊಳಗೆ
ಮೋಡಗಳೂ ಸಾಗಿದವು, ಬಾಡಿಗೆಯಿಲ್ಲದೆ.

ಮುಂಚೆ ಇದೆಲ್ಲ ಲಾರಿಯಲ್ಲಿ ಬರುತ್ತಿತ್ತು.
ಒಂದೊಂದು ಲಾರಿಗೂ ಬೀದಿಯಡಿಯ ಕಮಾನುಗಳು
ಮುದುಕರ ಮಂಡಿಯಂತೆ ಲಟಕ್ಕೆನ್ನುತ್ತಿದ್ದವು.

ಕಳೆದ ಗುರುವಾರ
ಮೂರು ದಿನ ಸುರಿದ ಮಳೆಗೆ ನೀರು ಗೇಣುದ್ದ ಏರಿತ್ತು.
ಬೆಳಿಗ್ಗೆ ಸರಕು ಹೊತ್ತ ದೋಣಿ
ಉಪ್ಪಿನವರ ಸೇತುವೆಯಡಿ ಹೇಗೋ ನುಸುಳಿತು.
ಎಲ್ಲ ಇಳಿಸಿ ಮರಳಿದರೆ
ಅದೇ ಸೇತುವೆ, ಅದೇ ದೋಣಿ, ದಾರಿಯಿಲ್ಲ!
ತುಂಬಿದ್ದಾಗ ಬಾಗಿತ್ತು,
ಬರಿದಾದದ್ದೇ ಬೀಗಿತ್ತು.
ಮಡಚಿದ ಕ್ರೇನಿನ ಮೂಗು ಕಲ್ಲಿಗೆ ಎರಡೇ ಬೆರಳು ಹೆಚ್ಚು.
ಖಾಲಿ ಪೀಪಾಯಿಗಳಿಗೆ ತೂಕವೆಲ್ಲಿ?

'ಬಕೆಟ್ಟಿನಲ್ಲಿ ನೀರು ತುಂಬೋಣ' ಎಂದ ಸಹಾಯಕ ಹುಡುಗ ಸುಫ್ಯಾನ್.
'ಆಮೇಲೆ ಮೊಗೆದು ಚೆಲ್ಲುವವರು ಯಾರು, ನಿಮ್ಮಪ್ಪನಾ?'
ಎನ್ನುತ್ತ ಬೌಕ್ಯೆ ದಡದತ್ತ ತಿರುಗಿದಳು.
ದಡದಲ್ಲಿ ನಾನಿದ್ದೆ.
'ಸಿಸ್ಟರ್, ನಿಮ್ಮ ತೂಕ ಎಷ್ಟು?'

ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ.
ರಾತ್ರಿಯೆಲ್ಲ ತಕ್ಕಡಿಯ ಮುಂದಿದ್ದವಳು ನಾನು,
ತಿಂಗಳು ತುಂಬದ ಕೂಸುಗಳ ವಾರ್ಡಿನಲ್ಲಿ.
ನಿನ್ನೆ ಒಂಬೈನೂರ ಹತ್ತು ಗ್ರಾಂ,
ಇಂದು ಒಂಬೈನೂರ ಇಪ್ಪತ್ತೆರಡು.
ಆ ಹನ್ನೆರಡು ಗ್ರಾಮಿಗಾಗಿ ಅಪ್ಪನೊಬ್ಬ
ಕಾರಿಡಾರಿನಲ್ಲಿ ಕುಕ್ಕರಿಸಿ ಅತ್ತದ್ದನ್ನು
ಕಣ್ಣಲ್ಲಿಟ್ಟುಕೊಂಡೇ ಬಂದಿದ್ದೆ.
'ಎಪ್ಪತ್ತೊಂಬತ್ತು ಕಿಲೋ' ಎಂದೆ.
'ಹತ್ತಿ, ಹತ್ತಿ!'
ನಿಧಿ ಸಿಕ್ಕವಳ ದನಿ.

ಆಮೇಲೆ ಕಂಡವರನ್ನೆಲ್ಲ ಕರೆದಳು.
ನಾಯಿಯೊಂದಿಗೆ ವೆರ್‌ಹುಲ್ ಅಜ್ಜ,
ತಡವಾಗಿ ಶಾಲೆಗೆ ಹೊರಟ ಅಕ್ಕತಂಗಿ,
ಪರಮಾರಿಬೊ ಕಡೆಯ ಅಡುಗೆಯ ಸೋಮರ್,
ಅವನ ಕೈಯಲ್ಲಿ ಇನ್ನೂ ಈರುಳ್ಳಿಯ ಚೀಲ;
ಚೆಲ್ಲೋ ಹೊತ್ತ ಹುಡುಗಿ, ಪೆಟ್ಟಿಗೆಸಮೇತ;
ಅಂಚೆಯವನು, ಬರೀ ಬಿಲ್ಲುಗಳ ಭಾರದೊಂದಿಗೆ.
'ಪರವಾನಗಿಯಲ್ಲಿ ಸರಕು ಮಾತ್ರ ಅಂತಿದೆ'
ಸುಫ್ಯಾನ್ ಪಿಸುಗುಟ್ಟಿದ.
'ಇವತ್ತಿನ ಸರಕು ಇದೇ' ಎಂದಳು.

ಎಲ್ಲರೂ ಕ್ರೇನಿನ ಬಳಿ ಒತ್ತಾಗಿ ನಿಂತೆವು.
ದೋಣಿ ಒಮ್ಮೆ ನಿಟ್ಟುಸಿರಿಟ್ಟು
ಬೆರಳು, ಇನ್ನರ್ಧ ಬೆರಳು ತಗ್ಗಿತು.
ಅಜ್ಜ ಉಸಿರೆಳೆದುಕೊಂಡ, ತೂಕ ಹೆಚ್ಚಲೆಂದು.
ನಾಯಿಯನ್ನು ಯಾರೋ ಮುಂದಕ್ಕೆ ತಳ್ಳಿದರು.
ಸಾಕಾಯಿತು.

ಕಮಾನಿನ ಕೆಳಗೆ ಕತ್ತಲು, ಪಾಚಿಯ ವಾಸನೆ.
ಬಾಗಿದ ಕತ್ತುಗಳ ಮೇಲೆ
ಒಂದೊಂದು ತಣ್ಣನೆ ಹನಿ.
ಯಾರ ಭುಜವೋ ನನ್ನ ಭುಜಕ್ಕೆ.
ಕ್ರೇನು ಕಲ್ಲನ್ನು ಕೆರೆಯಲಿಲ್ಲ, ಸವರಿತು.

ಬೆಳಕಿಗೆ ಬಂದ ಮೇಲೆ ಯಾರೂ ಇಳಿಯಲಿಲ್ಲ.
ಇನ್ನೂ ಎರಡು ಸೇತುವೆ ಇದೆಯಲ್ಲ ಎಂದ ಅಜ್ಜ,
ಅವು ಎತ್ತರದವು ಎಂದು ಗೊತ್ತಿದ್ದೂ.
ಶಾಲೆಗೆ ಹಿತ್ತಲ ಬಾಗಿಲೊಂದು ನೀರಿನ ಕಡೆಗಿದೆ ಎಂದು
ಆ ಅಕ್ಕತಂಗಿಯರಿಗೆ ಅಂದೇ ಗೊತ್ತಾದದ್ದು.
ಸೋಮರ್ ಎಲ್ಲಿಗೆ ಹೋಗಬೇಕಿತ್ತೋ, ಮರೆತಿದ್ದ.

ಕೊನೆಗೆ ಉಳಿದವಳು ನಾನು.
ವಿಲೋ ಮರದ ಕೆಳಗೆ ದಡಕ್ಕೆ ಕಾಲಿಟ್ಟು
ತಿರುಗಿ ನೋಡಿದೆ:
ನಾನಿಲ್ಲದ ದೋಣಿ
ಒಂದು ಕೂದಲೆಳೆ ಮೇಲೆದ್ದಿತು.
ಬರೆದುಕೊಳ್ಳಲು ಕೈ ಜೇಬಿಗೆ ಹೋಯಿತು.